ಅಣ್ವಸ್ತ್ರ ನಿಷೇಧ ಒಪ್ಪಂದ

ಅಣ್ವಸ್ತ್ರ ನಿಷೇಧ ಒಪ್ಪಂದವು ಅಣ್ವಸ್ತ್ರಗಳ ತಯಾರಿಕೆ, ಪರೀಕ್ಷೆ, ಸಂಗ್ರಹ, ಬಳಕೆ ಹಾಗೂ ಬಳಸುವ ಬೆದರಿಕೆಯನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ. ವಿಶ್ವಸಂಸ್ಥೆಯ ಸಮ್ಮೇಳನವೊಂದು ಇದನ್ನು 2017ರ ಜುಲೈ 7ರಂದು 122 ರಾಷ್ಟ್ರಗಳ ಬೆಂಬಲದಿಂದ ಅಂಗೀಕರಿಸಿತು. ನೆದರ್ಲೆಂಡ್ಸ್ ವಿರೋಧಿಸಿತು, ಸಿಂಗಪುರ ತಟಸ್ಥವಾಗಿ ಉಳಿಯಿತು. ಒಪ್ಪಂದವು 2021ರ ಜನವರಿ 22ರಂದು ಜಾರಿಗೆ ಬಂದಿತು.

ಹಿನ್ನೆಲೆ

ಜೈವಿಕ ಅಸ್ತ್ರಗಳನ್ನು 1972ರ ಒಪ್ಪಂದವೂ ರಾಸಾಯನಿಕ ಅಸ್ತ್ರಗಳನ್ನು 1993ರ ಒಪ್ಪಂದವೂ ಸದಸ್ಯರೆಲ್ಲರಿಗೂ ಸಮಾನವಾಗಿ ನಿಷೇಧಿಸಿದವು. ಅಣ್ವಸ್ತ್ರದ ವಿಷಯದಲ್ಲಿ ಹಾಗಾಗಲಿಲ್ಲ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವು 1967ಕ್ಕೆ ಮೊದಲು ಅಣುಸ್ಫೋಟ ನಡೆಸಿದ್ದ ಐದು ರಾಷ್ಟ್ರಗಳಿಗೆ ಪ್ರತ್ಯೇಕ ಸ್ಥಾನ ನೀಡಿತು. ನಿಶ್ಶಸ್ತ್ರೀಕರಣದ ಮಾತುಕತೆ ನಡೆಸಬೇಕೆಂದು ವಿಧಿಸಿದರೂ ಗಡುವನ್ನು ಗೊತ್ತುಪಡಿಸಲಿಲ್ಲ. ಅಣ್ವಸ್ತ್ರ ಬಳಕೆಯು ಸಾಮಾನ್ಯವಾಗಿ ಮಾನವೀಯ ಕಾನೂನಿಗೆ ವಿರುದ್ಧವೆಂದು ಅಂತಾರಾಷ್ಟ್ರೀಯ ನ್ಯಾಯಾಲಯ 1996ರಲ್ಲಿ ಅಭಿಪ್ರಾಯಪಟ್ಟಿತು. ಆದರೆ ರಾಷ್ಟ್ರದ ಅಸ್ತಿತ್ವಕ್ಕೇ ಕುತ್ತು ಬಂದಾಗಿನ ಆತ್ಮರಕ್ಷಣೆಯ ಬಗ್ಗೆ ಖಚಿತ ತೀರ್ಮಾನ ನೀಡಲಿಲ್ಲ.

ಮಾನ್ಯತೆ ಮತ್ತು ಕಳಂಕ

ಈ ಅಪವಾದಗಳಿಗೆ ಹೊಸ ಒಪ್ಪಂದದಲ್ಲಿ ಎಡೆಯಿಲ್ಲ. ಹಿರೋಶಿಮಾ, ನಾಗಸಾಕಿಗಳ ಸಂತ್ರಸ್ತರಾದ ‘ಹಿಬಾಕುಶಾ’ಗಳ ಯಾತನೆಯನ್ನು ಅದರ ಪೀಠಿಕೆ ಸ್ಮರಿಸುತ್ತದೆ. ಪ್ರತಿಷ್ಠೆಯ ಕುರುಹಾಗಿರುವ ಅಸ್ತ್ರಕ್ಕೆ ಕಳಂಕ ಹಚ್ಚಿ, ಅದರ ಮಾನ್ಯತೆಯನ್ನು ಕುಗ್ಗಿಸುವುದು ಬೆಂಬಲಿಗರ ಉದ್ದೇಶ. ಇದಕ್ಕಾಗಿ ಶ್ರಮಿಸಿದ ‘ಐಕ್ಯಾನ್’ ಸಂಘಟನೆಗೆ 2017ರ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು.

ಟೀಕೆ ಮತ್ತು ಭಾರತದ ನಿಲುವು

ಅಣ್ವಸ್ತ್ರ ಹೊಂದಿರುವ ಯಾವ ರಾಷ್ಟ್ರವೂ ಸಹಿ ಹಾಕದ ಕಾರಣ ಒಪ್ಪಂದ ನಿಷ್ಫಲವೆಂಬುದು ವಿರೋಧಿಗಳ ವಾದ. ಸಹಿ ಹಾಕದವರನ್ನು ಅದು ಕಾನೂನಿನಿಂದ ಕಟ್ಟಿಹಾಕಲಾರದು. ಕಳಂಕದ ಪರಿಣಾಮವು ಲೋಕಾಭಿಪ್ರಾಯವನ್ನೇ ಅವಲಂಬಿಸಿದೆ. ಭಾರತವು ಸಂಧಾನದಲ್ಲಿ ಭಾಗವಹಿಸಲಿಲ್ಲ. ಒಪ್ಪಂದಕ್ಕೆ ತಾನು ಬದ್ಧವಲ್ಲವೆಂದು ಸ್ಪಷ್ಟಪಡಿಸಿದೆ. ಆದರೆ ತಾರತಮ್ಯವಿಲ್ಲದ ಜಾಗತಿಕ ನಿಶ್ಶಸ್ತ್ರೀಕರಣವನ್ನೂ ‘ಮೊದಲು ಬಳಸೆವು’ ಎಂಬ ನೀತಿಯನ್ನೂ ಅದು ಪ್ರತಿಪಾದಿಸುತ್ತದೆ.