ಧರ್ಮರಕ್ಷಣೆಯ ಕಾನೂನು ಮತ್ತು ಪಾಕಿಸ್ತಾನದ ಕ್ರೈಸ್ತರು

ಸದ್ಭಕ್ತರಾದ ಓದುಗರೇ, ಧರ್ಮವನ್ನು ದಂಡದ ಬಲದಿಂದ ರಕ್ಷಿಸುವೆನೆಂದು ರಾಜ್ಯಾಧಿಕಾರವು ಹೊರಟರೆ ಧರ್ಮಕ್ಕೂ ಜನರಿಗೂ ಒದಗುವ ಗತಿಯೇನು? ನೆರೆಯ ಪಾಕಿಸ್ತಾನದ ಕ್ರೈಸ್ತರ ಇತಿಹಾಸವು ಈ ಪ್ರಶ್ನೆಗೆ ಉತ್ತರವನ್ನೀಯುತ್ತದೆ. ಅದನ್ನು ದ್ವೇಷವಿಲ್ಲದೆ, ಸಮಚಿತ್ತದಿಂದ ಅವಲೋಕಿಸೋಣ.

2023ರ ಜನಗಣತಿಯಂತೆ ಆ ದೇಶದ ಕ್ರೈಸ್ತರ ಸಂಖ್ಯೆ ಸುಮಾರು 33 ಲಕ್ಷ; ಅಂದರೆ ನೂರಕ್ಕೆ ಒಂದೂವರೆಗಿಂತಲೂ ಕಡಿಮೆ. ಅವರಲ್ಲಿ ಬಹುಜನರು ಪಂಜಾಬ್ ಪ್ರಾಂತದವರು. ಅಸ್ಪೃಶ್ಯರೆನಿಸಿ ಕಸಗುಡಿಸುವ ಕೆಲಸಕ್ಕೆ ಕಟ್ಟುಬಿದ್ದಿದ್ದ ಇವರ ಪೂರ್ವಿಕರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಯಾಲ್‌ಕೋಟ್ ಮೊದಲಾದ ಜಿಲ್ಲೆಗಳಲ್ಲಿ ಗುಂಪುಗುಂಪಾಗಿ ಕ್ರೈಸ್ತಮತವನ್ನು ಸೇರಿದರು. ಮತ ಬದಲಾಯಿತು, ಆದರೆ ನೆರೆಯವರ ಮನಸ್ಸಿನ ಮೈಲಿಗೆಯ ಭಾವನೆ ಅಳಿಯಲಿಲ್ಲ.

1947ರ ಆಗಸ್ಟ್ 11ರಂದು ಮಹಮ್ಮದಾಲಿ ಜಿನ್ನಾ ಅವರು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಪ್ರಜೆಗಳು ತಮತಮಗೆ ಬೇಕಾದ ಪೂಜಾಸ್ಥಾನಗಳಿಗೆ ಹೋಗಲು ಸ್ವತಂತ್ರರೆಂದು ಭರವಸೆಯಿತ್ತಿದ್ದರು. ಆ ಭರವಸೆ ಹೇಗೆ ಸವೆಯಿತೆಂಬುದನ್ನು ಅಲ್ಲಿನ ದಂಡಸಂಹಿತೆಯೇ ಹೇಳುತ್ತದೆ. ಅದು 1860ರಲ್ಲಿ ಆಂಗ್ಲರು ರಚಿಸಿದ ಸಂಹಿತೆ. 2024ರ ಜೂನ್ ಕೊನೆಯವರೆಗೆ ನಮ್ಮಲ್ಲಿಯೂ ಜಾರಿಯಲ್ಲಿದ್ದುದು ಅದೇ. ಅದರಲ್ಲಿ ಎಲ್ಲ ಮತಗಳ ಪೂಜಾಸ್ಥಾನಗಳಿಗೂ ಸಮಾನ ರಕ್ಷಣೆಯಿತ್ತು. 1927ರಲ್ಲಿ ಸೇರಿದ 295-ಎ ಕಲಮಿನಲ್ಲಿ, ಮತನಿಂದನೆ ಅಪರಾಧವೆನಿಸಬೇಕಾದರೆ ದುರುದ್ದೇಶವು ಸಿದ್ಧವಾಗಬೇಕೆಂಬ ನಿಬಂಧನೆಯೂ ಇತ್ತು.

ಜನರಲ್ ಜಿಯಾ ಉಲ್ ಹಕ್ ಅವರ ಆಳ್ವಿಕೆಯಲ್ಲಿ ಈ ತಳಹದಿಯೇ ಕದಲಿತು. 1982ರಲ್ಲಿ 295-ಬಿ ಕಲಮು ಕುರಾನಿನ ಅಪಮಾನಕ್ಕೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. 1986ರ 295-ಸಿ ಕಲಮು ಪ್ರವಾದಿಗಳ ನಿಂದನೆಗೆ ಮರಣದಂಡನೆಯನ್ನು ಸೇರಿಸಿತು. ಇದಕ್ಕೆ ಮರಣದಂಡನೆಯೊಂದೇ ತಕ್ಕ ಶಿಕ್ಷೆಯೆಂದು 1990ರಲ್ಲಿ ಅಲ್ಲಿನ ಶರಿಯತ್ ನ್ಯಾಯಾಲಯ ತೀರ್ಪಿತ್ತಿತು. ರಕ್ಷಣೆ ಒಂದೇ ಮತಕ್ಕೆ ಸೀಮಿತವಾಯಿತು. ದುರುದ್ದೇಶವೆಂಬ ಮಾತು ಕಲಮಿನಿಂದ ಮರೆಯಾಯಿತು.

ಫಲವೇನಾಯಿತು? 2009ರ ಜೂನ್‌ನಲ್ಲಿ ಪಂಜಾಬಿನ ಹಳ್ಳಿಯೊಂದರ ತೋಟದಲ್ಲಿ ಆಸಿಯಾ ಬೀಬಿ ಎಂಬ ಕ್ರೈಸ್ತ ಕೂಲಿ ಹೆಂಗಸು ಹಣ್ಣು ಬಿಡಿಸುತ್ತಿದ್ದಳು. ಆಕೆ ಮುಟ್ಟಿದ ನೀರನ್ನು ಕುಡಿಯಲು ಜೊತೆಯವರು ಒಲ್ಲೆವೆಂದರು. ಮಾತಿಗೆ ಮಾತು ಬೆಳೆಯಿತು. ಐದು ದಿನಗಳ ಬಳಿಕ ಧರ್ಮನಿಂದನೆಯ ದೂರು ದಾಖಲಾಯಿತು. 2010ರ ನವೆಂಬರಿನಲ್ಲಿ ಆಕೆಗೆ ಮರಣದಂಡನೆ ವಿಧಿಸಲಾಯಿತು. ನೀರಿನ ಪಾತ್ರೆಯ ಮೈಲಿಗೆಯಿಂದ ನೇಣುಗಂಬದವರೆಗಿನ ದಾರಿ ಎಷ್ಟು ಚಿಕ್ಕದೆಂಬುದನ್ನು ಗಮನಿಸಿರಿ.

ಆಕೆಯ ಪರವಾಗಿ ಮಾತನಾಡಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಗುಂಡಿಕ್ಕಿ ಕೊಂದನು. ಕೊಲೆಗಾರನ ಮೇಲೆ ವಕೀಲರು ಗುಲಾಬಿಯ ದಳಗಳನ್ನೆರಚಿದರು! ಎರಡು ತಿಂಗಳೊಳಗೆ, ಮಾರ್ಚ್ 2ರಂದು, ಕ್ರೈಸ್ತ ಮಂತ್ರಿ ಶಹಬಾಜ್ ಭಟ್ಟಿ ಅವರೂ ಗುಂಡಿಗೆ ಬಲಿಯಾದರು. ಈ ಕಾನೂನಿನಡಿ ಸರ್ಕಾರವು ಇದುವರೆಗೆ ಯಾರನ್ನೂ ಗಲ್ಲಿಗೇರಿಸಿಲ್ಲ. ಕೊಲ್ಲುವ ಕೆಲಸವನ್ನು ಉದ್ರಿಕ್ತ ಗುಂಪುಗಳೇ ಕೈಗೆತ್ತಿಕೊಂಡಿವೆ. ಆರೋಪಕ್ಕೆ ಗುರಿಯಾದವರಲ್ಲಿ ಮುಸ್ಲಿಮರೂ ಬಹಳ ಮಂದಿ ಇದ್ದಾರೆಂಬುದನ್ನು ಮರೆಯಬಾರದು.

ಕೊನೆಗೆ 2018ರ ಅಕ್ಟೋಬರ್ 31ರಂದು ಪಾಕಿಸ್ತಾನದ ಸರ್ವೋಚ್ಚ ನ್ಯಾಯಾಲಯವು, ಸಾಕ್ಷಿಗಳ ಹೇಳಿಕೆ ಪರಸ್ಪರ ವಿರುದ್ಧವಾಗಿರುವುದನ್ನು ಎತ್ತಿ ತೋರಿಸಿ ಆಸಿಯಾಳನ್ನು ಬಿಡುಗಡೆ ಮಾಡಿತು. ನ್ಯಾಯಮೂರ್ತಿ ಆಸಿಫ್ ಸಯೀದ್ ಖೋಸಾ ಅವರು ತಮ್ಮ ಪ್ರತ್ಯೇಕ ತೀರ್ಪಿನಲ್ಲಿ, ಸಿನಾಯ್ ಪರ್ವತದ ಕ್ರೈಸ್ತ ಸಂನ್ಯಾಸಿಗಳಿಗೆ ಪ್ರವಾದಿಗಳು ನೀಡಿದರೆನ್ನಲಾದ ಅಭಯವಚನವನ್ನು ಸ್ಮರಿಸಿದರು. ಪ್ರಾಣಭಯವನ್ನು ಬದಿಗೊತ್ತಿ ತೀರ್ಪಿತ್ತ ಆ ಮೂವರು ನ್ಯಾಯಾಧೀಶರೂ ಮುಸ್ಲಿಮರು, ತಾಸೀರರೂ ಮುಸ್ಲಿಮರೇ. ಅನ್ಯಾಯಕ್ಕೆ ಔಷಧವು ಆ ಪರಂಪರೆಯೊಳಗೇ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಆದರೂ ರೋಗವು ಗುಣವಾಗಿಲ್ಲ. 2019ರಲ್ಲಿ ಆಸಿಯಾ ತಾಯ್ನಾಡನ್ನು ಬಿಟ್ಟು ಕೆನಡಾಕ್ಕೆ ತೆರಳಬೇಕಾಯಿತು. 2023ರ ಆಗಸ್ಟ್ 16ರಂದು ಜಡಾಂವಾಲಾ ಪಟ್ಟಣದಲ್ಲಿ ಕುರಾನಿಗೆ ಅಪಮಾನವಾಯಿತೆಂಬ ಸುದ್ದಿ ಹಬ್ಬಿ, 20ಕ್ಕೂ ಹೆಚ್ಚು ಚರ್ಚುಗಳೂ ಅನೇಕ ಬಡವರ ಮನೆಗಳೂ ದಾಳಿಗೀಡಾದವು.

ಓದುಗರೇ, ಈ ಇತಿಹಾಸವನ್ನು ಅನ್ಯಮತದವರನ್ನು ಹಳಿಯುವುದಕ್ಕಾಗಿ ಓದಿದರೆ ನಾವು ಅದರಿಂದ ಏನನ್ನೂ ಕಲಿತಂತಾಗದು. ಯಾವ ನಾಡಿನಲ್ಲಿಯೇ ಆಗಲಿ, ಬಹುಸಂಖ್ಯಾತರ ನೊಂದ ಭಾವನೆಯೇ ಸಾಕ್ಷಿಯ ಸ್ಥಾನದಲ್ಲಿ ನಿಂತರೆ ದುರ್ಬಲನಿಗೆ ನ್ಯಾಯ ದೊರೆಯದು. ಅಲ್ಪಸಂಖ್ಯಾತನು ನಿರ್ಭಯನಾಗಿ ಬಾಳುವ ಊರಿನಲ್ಲಿಯೇ ಬಹುಸಂಖ್ಯಾತರ ಧರ್ಮಕ್ಕೂ ಗೌರವ ಉಳಿಯುತ್ತದೆ.