ವಿಶ್ವ ಪರಂಪರೆ ನಿಧಿ

ವಿಶ್ವ ಪರಂಪರೆ ನಿಧಿಯು ಅಸಾಧಾರಣ ಮೌಲ್ಯವುಳ್ಳ ಸಾಂಸ್ಕೃತಿಕ ಮತ್ತು ನೈಸರ್ಗಿಕ ತಾಣಗಳ ರಕ್ಷಣೆಗಾಗಿ ಸ್ಥಾಪಿತವಾದ ಅಂತರರಾಷ್ಟ್ರೀಯ ನಿಧಿಯಾಗಿದೆ. ಇದು ಮುಖ್ಯವಾಗಿ ಸರ್ಕಾರಗಳು ನೀಡುವ ವಂತಿಗೆಯಿಂದ ನಡೆಯುತ್ತದೆ. ಯುನೆಸ್ಕೊದ ಮಹಾಸಭೆಯು 1972ರ ನವೆಂಬರ್ 16ರಂದು ಪ್ಯಾರಿಸ್‌ನಲ್ಲಿ ಅಂಗೀಕರಿಸಿದ ವಿಶ್ವ ಪರಂಪರೆ ಒಡಂಬಡಿಕೆಯ 15ನೆಯ ವಿಧಿ ಇದರ ಆಧಾರ. ನಿಧಿಯ ಬಳಕೆಯನ್ನು 21 ರಾಷ್ಟ್ರಗಳ ಪ್ರತಿನಿಧಿಗಳಿರುವ ವಿಶ್ವ ಪರಂಪರೆ ಸಮಿತಿಯು ನಿರ್ಧರಿಸುತ್ತದೆ. ಭಾರತವು 1977ರ ನವೆಂಬರ್ 14ರಂದು ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಕರ್ನಾಟಕದಲ್ಲಿ ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟಗಳ ಹತ್ತು ಅರಣ್ಯ ಘಟಕಗಳು ಹಾಗೂ ಹೊಯ್ಸಳರ ಮೂರು ದೇವಾಲಯ ಸಮುಚ್ಚಯಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಒಂದು ತಾಣವು ಪಟ್ಟಿಗೆ ಸೇರಿದೊಡನೆ ಯುನೆಸ್ಕೊದಿಂದ ಅದರ ನಿರ್ವಹಣೆಗೆ ಹಣ ಬರುತ್ತದೆ ಎಂಬ ಅಭಿಪ್ರಾಯ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಒಡಂಬಡಿಕೆಯ 4ನೆಯ ವಿಧಿಯಂತೆ ತಾಣವನ್ನು ಗುರುತಿಸುವ, ಸಂರಕ್ಷಿಸುವ ಹಾಗೂ ಮುಂದಿನ ಪೀಳಿಗೆಗೆ ದಾಟಿಸುವ ಹೊಣೆ ಪ್ರಧಾನವಾಗಿ ಆಯಾ ರಾಷ್ಟ್ರದ್ದೇ ಆಗಿದೆ. ನಿಧಿಯ ಪಾತ್ರ ಪೂರಕವಾದುದು.

ಹಿನ್ನೆಲೆ

ಈಜಿಪ್ಟಿನಲ್ಲಿ ಅಸ್ವಾನ್ ಅಣೆಕಟ್ಟಿನ ನಿರ್ಮಾಣದಿಂದ ನೂಬಿಯಾ ಪ್ರದೇಶದ ಪ್ರಾಚೀನ ದೇವಾಲಯಗಳು ಮುಳುಗಡೆಯಾಗುವ ಸ್ಥಿತಿ ಬಂದಾಗ, ಯುನೆಸ್ಕೊ 1960ರಲ್ಲಿ ಅಂತರರಾಷ್ಟ್ರೀಯ ನೆರವಿಗೆ ಕರೆ ನೀಡಿತು. ಅಬು ಸಿಂಬೆಲ್ ಮತ್ತು ಫಿಲೇ ದೇವಾಲಯಗಳನ್ನು ಕಲ್ಲು ಕಲ್ಲಾಗಿ ಬಿಡಿಸಿ ಬೇರೆ ನೆಲೆಯಲ್ಲಿ ಮರುಜೋಡಿಸಲಾಯಿತು. ಇದಕ್ಕೆ ತಗುಲಿದ ವೆಚ್ಚ ಸುಮಾರು 8 ಕೋಟಿ ಡಾಲರ್. ಅದರ ಅರ್ಧದಷ್ಟನ್ನು ಸುಮಾರು 50 ರಾಷ್ಟ್ರಗಳು ಭರಿಸಿದವು. ಭಾರತವೂ ಈ ಅಭಿಯಾನದಲ್ಲಿ ಪಾಲ್ಗೊಂಡಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬಿ. ಬಿ. ಲಾಲ್ ಅವರ ನೇತೃತ್ವದ ತಂಡವು 1961-62ರಲ್ಲಿ ನೂಬಿಯಾದ ಅಫಿಯೇ ಎಂಬಲ್ಲಿ ಉತ್ಖನನ ನಡೆಸಿತು.

ಒಂದು ದೇಶದ ಸ್ಮಾರಕಕ್ಕೆ ಇತರ ದೇಶಗಳ ಬೊಕ್ಕಸದಿಂದ ಹಣ ಹರಿದ ಈ ಪ್ರಸಂಗವೇ ಶಾಶ್ವತವಾದ ನಿಧಿಯ ಕಲ್ಪನೆಗೆ ದಾರಿಮಾಡಿತು. ಪ್ರತಿಸಲ ಹೊಸದಾಗಿ ಕೈಚಾಚುವುದರ ಬದಲು ನಿಯಮಿತ ವಂತಿಗೆಯ ವ್ಯವಸ್ಥೆ ಇರಬೇಕೆಂಬುದು ಅದರ ಉದ್ದೇಶ. ಒಡಂಬಡಿಕೆಯು 1975ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತು.

ಹಣದ ಮೂಲ

ಒಡಂಬಡಿಕೆಯ 16ನೆಯ ವಿಧಿಯಂತೆ ಸದಸ್ಯ ರಾಷ್ಟ್ರಗಳು ಎರಡು ವರ್ಷಕ್ಕೊಮ್ಮೆ ನಿಧಿಗೆ ವಂತಿಗೆ ಸಲ್ಲಿಸಬೇಕು. ಎಲ್ಲ ರಾಷ್ಟ್ರಗಳಿಗೂ ಒಂದೇ ಶೇಕಡಾವಾರು ಪ್ರಮಾಣ ಅನ್ವಯಿಸುತ್ತದೆ. ಅದು ಆ ರಾಷ್ಟ್ರವು ಯುನೆಸ್ಕೊದ ಸಾಮಾನ್ಯ ಆಯವ್ಯಯಕ್ಕೆ ಕೊಡುವ ಮೊತ್ತದ ಶೇ. 1ನ್ನು ಮೀರುವಂತಿಲ್ಲ. ಒಡಂಬಡಿಕೆಗೆ ಸೇರುವಾಗಲೇ ಈ ಕಡ್ಡಾಯಕ್ಕೆ ತಾನು ಬದ್ಧವಲ್ಲವೆಂದು ಘೋಷಿಸಿ, ಸ್ವಯಂಪ್ರೇರಿತ ವಂತಿಗೆಯ ಮಾರ್ಗವನ್ನು ಆರಿಸಿಕೊಳ್ಳಲು ರಾಷ್ಟ್ರಗಳಿಗೆ ಅವಕಾಶವಿದೆ. ಆದರೆ ಅಂತಹ ವಂತಿಗೆಯೂ ಕಡ್ಡಾಯ ಪ್ರಮಾಣಕ್ಕಿಂತ ಕಡಿಮೆಯಾಗಬಾರದು ಎಂದು ವಿಧಿ ಅಪೇಕ್ಷಿಸುತ್ತದೆ. ದಾನ, ಉಯಿಲು ಮತ್ತು ಬಡ್ಡಿಯಿಂದಲೂ ನಿಧಿಗೆ ಹಣ ಸೇರುತ್ತದೆ. ನೀಡಿದ ಹಣಕ್ಕೆ ಯಾವುದೇ ರಾಜಕೀಯ ಷರತ್ತನ್ನು ವಿಧಿಸುವಂತಿಲ್ಲ.

ವಂತಿಗೆ ಬಾಕಿ ಉಳಿಸಿಕೊಂಡ ರಾಷ್ಟ್ರವು ವಿಶ್ವ ಪರಂಪರೆ ಸಮಿತಿಗೆ ಆಯ್ಕೆಯಾಗಲು ಅರ್ಹವಲ್ಲ. ತುರ್ತು ನೆರವನ್ನು ಬಿಟ್ಟು ಬೇರೆ ನೆರವು ಅದಕ್ಕೆ ದೊರೆಯುವುದೂ ಇಲ್ಲ.

ಯುನೆಸ್ಕೊದ ವಂತಿಗೆಯ ನೂರರಲ್ಲೊಂದು ಪಾಲನ್ನು ಆಧರಿಸಿರುವುದರಿಂದ ನಿಧಿಯ ಗಾತ್ರ ಚಿಕ್ಕದು. ವರ್ಷಕ್ಕೆ ಕೆಲವೇ ದಶಲಕ್ಷ ಡಾಲರ್‌ಗಳಷ್ಟು ಮೊತ್ತವು ಸಾವಿರಕ್ಕೂ ಹೆಚ್ಚು ತಾಣಗಳ ಅಗತ್ಯಗಳಿಗೆ ಹಂಚಿಕೆಯಾಗಬೇಕು. ಆಧುನಿಕ ನಗರವೊಂದರಲ್ಲಿ ಒಂದು ಮೇಲ್ಸೇತುವೆ ಕಟ್ಟಲು ಇದಕ್ಕಿಂತ ಹೆಚ್ಚು ವೆಚ್ಚವಾಗುವುದುಂಟು.

ನೆರವಿನ ಬಗೆಗಳು

ನಿಧಿಯಿಂದ ದೊರೆಯುವುದನ್ನು ಅಂತರರಾಷ್ಟ್ರೀಯ ನೆರವು ಎಂದು ಕರೆಯಲಾಗುತ್ತದೆ. ಇದರಲ್ಲಿ ತುರ್ತು ನೆರವು, ಸಂರಕ್ಷಣೆ ಮತ್ತು ನಿರ್ವಹಣೆಯ ನೆರವು ಹಾಗೂ ಸಿದ್ಧತಾ ನೆರವು ಎಂಬ ಮೂರು ವಿಧಗಳಿವೆ. ಭೂಕಂಪ, ಪ್ರವಾಹ, ಬೆಂಕಿ, ಯುದ್ಧ ಮೊದಲಾದವುಗಳಿಂದ ಹಠಾತ್ತಾಗಿ ಹಾನಿಗೊಂಡ ತಾಣಗಳಿಗೆ ಮೊದಲನೆಯದು ಮೀಸಲು. ಸಂಭಾವ್ಯ ತಾಣಗಳ ಪಟ್ಟಿ ಮತ್ತು ನಾಮನಿರ್ದೇಶನದ ಕಡತಗಳನ್ನು ಸಿದ್ಧಪಡಿಸಲು ಕೊನೆಯದು ನೆರವಾಗುತ್ತದೆ. ಸಿದ್ಧತಾ ನೆರವಿಗೆ 30,000 ಡಾಲರ್‌ಗಳ ಮಿತಿಯಿದೆ. ತುರ್ತು ನೆರವಿನ ಬೇಡಿಕೆ 75,000 ಡಾಲರ್‌ಗಳನ್ನು ಮೀರಿದರೆ ಪೂರ್ಣ ಸಮಿತಿಯ ಒಪ್ಪಿಗೆ ಬೇಕು.

ನೆರವು ಬಹುಪಾಲು ಅಧ್ಯಯನ, ತಜ್ಞರ ಸೇವೆ, ತರಬೇತಿ ಮತ್ತು ಉಪಕರಣಗಳ ರೂಪದಲ್ಲಿರುತ್ತದೆ. ಮರುಪಾವತಿ ಇಲ್ಲದ ಸಹಾಯಧನವನ್ನು ಒಡಂಬಡಿಕೆಯ 22ನೆಯ ವಿಧಿಯು ವಿಶೇಷ ಸಂದರ್ಭಗಳಿಗೆ ಮಾತ್ರ ಸೀಮಿತಗೊಳಿಸಿದೆ. 25ನೆಯ ವಿಧಿಯು ಇನ್ನೂ ಸ್ಪಷ್ಟವಾಗಿದೆ: ಸಾಮಾನ್ಯವಾಗಿ ಕಾಮಗಾರಿಯ ವೆಚ್ಚದ ಒಂದು ಭಾಗವನ್ನಷ್ಟೇ ಅಂತರರಾಷ್ಟ್ರೀಯ ಸಮುದಾಯ ಭರಿಸುತ್ತದೆ. ಶಕ್ತಿಯುಳ್ಳ ರಾಷ್ಟ್ರ ತನ್ನ ಪಾಲಿನ ಗಣನೀಯ ಮೊತ್ತವನ್ನು ತಾನೇ ಹಾಕಬೇಕು. ಆದ್ಯತೆಯು ಅಪಾಯದಲ್ಲಿರುವ ತಾಣಗಳಿಗೆ ಮತ್ತು ಬಡರಾಷ್ಟ್ರಗಳಿಗೆ ಸಲ್ಲುತ್ತದೆ.

ಕರ್ನಾಟಕದ ತಾಣಗಳು

ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಷ್ಟ್ರೀಯ ಮಹತ್ವದ ಸ್ಮಾರಕಗಳು ಕೇಂದ್ರದ ಪಟ್ಟಿಯಲ್ಲಿಯೂ ಉಳಿದ ಪ್ರಾಚೀನ ಸ್ಮಾರಕಗಳು ರಾಜ್ಯದ ಪಟ್ಟಿಯಲ್ಲಿಯೂ ಬರುತ್ತವೆ. ಆದ್ದರಿಂದ ಪಟ್ಟದಕಲ್ಲು, ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ದೇವಾಲಯಗಳ ದುರಸ್ತಿ, ಕಾವಲು, ಉದ್ಯಾನ ಇತ್ಯಾದಿಗಳ ವೆಚ್ಚವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮೂಲಕ ಕೇಂದ್ರ ಸಂಸ್ಕೃತಿ ಸಚಿವಾಲಯದ ಅನುದಾನದಿಂದ ಬರುತ್ತದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯು ತನ್ನ ಸಂರಕ್ಷಿತ ಸ್ಮಾರಕಗಳನ್ನು ರಾಜ್ಯದ ಆಯವ್ಯಯದಿಂದ ನೋಡಿಕೊಳ್ಳುತ್ತದೆ. ರಸ್ತೆ, ಕುಡಿಯುವ ನೀರು ಮತ್ತು ಪ್ರವಾಸಿ ಸೌಕರ್ಯಗಳ ಹೊಣೆ ಹೆಚ್ಚಾಗಿ ರಾಜ್ಯದ್ದೇ.

ನಾಮನಿರ್ದೇಶನಕ್ಕೂ ಹಣ ಮತ್ತು ಕಾಲ ಬೇಕು. ಹೊಯ್ಸಳ ದೇವಾಲಯಗಳು 2014ರಲ್ಲಿ ಸಂಭಾವ್ಯ ಪಟ್ಟಿಗೆ ಸೇರಿದವು. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕವು ಕಡತ ಸಿದ್ಧಪಡಿಸಿತು. ಅಂತಿಮ ಮನ್ನಣೆ ದೊರೆತದ್ದು 2023ರ ಸೆಪ್ಟೆಂಬರ್‌ನಲ್ಲಿ, ರಿಯಾದ್‌ನಲ್ಲಿ ನಡೆದ ಸಮಿತಿಯ 45ನೆಯ ಅಧಿವೇಶನದಲ್ಲಿ.

ಹಂಪಿಯ ಪ್ರಕರಣ

ನಿಧಿಯ ಹಣಕ್ಕಿಂತ ಪಟ್ಟಿಯ ಒತ್ತಡವೇ ಹೆಚ್ಚು ಪರಿಣಾಮಕಾರಿ ಎಂಬುದಕ್ಕೆ ಹಂಪಿ ಉತ್ತಮ ನಿದರ್ಶನ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣವನ್ನು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಸಂರಕ್ಷಿತ ಪ್ರದೇಶದೊಳಗೆ ತುಂಗಭದ್ರಾ ನದಿಗೆ ಅಡ್ಡಲಾಗಿ ತೂಗುಸೇತುವೆಗಳ ನಿರ್ಮಾಣ ನಡೆದಿದ್ದುದು ಇದಕ್ಕೆ ಕಾರಣ. ತಳವಾರಘಟ್ಟ ಮತ್ತು ಆನೆಗೊಂದಿಯ ನಡುವಿನ ಸೇತುವೆಯು ವಾಹನ ಸಂಚಾರಕ್ಕೆಂದು ಯೋಜಿತವಾಗಿತ್ತು. ಭಾರೀ ವಾಹನಗಳು ಸ್ಮಾರಕಗಳ ನಡುವೆ ಸಂಚರಿಸುವ ಭೀತಿಯನ್ನು ತಜ್ಞರು ವ್ಯಕ್ತಪಡಿಸಿದರು. ಇಲ್ಲಿ ಸ್ಮಾರಕದ ರಕ್ಷಣೆಗೆ ವ್ಯಯವಾಗುತ್ತಿದ್ದುದೂ ಸಾರ್ವಜನಿಕ ಹಣ, ಸ್ಮಾರಕಕ್ಕೆ ಕಂಟಕವೆನಿಸಿದ ಸೇತುವೆಗೆ ವ್ಯಯವಾಗುತ್ತಿದ್ದುದೂ ಸಾರ್ವಜನಿಕ ಹಣವೇ. ಇನ್ನೊಂದು ಕಡೆ, ಹರಿಗೋಲನ್ನೇ ನೆಚ್ಚಿಕೊಂಡಿದ್ದ ಆನೆಗೊಂದಿಯ ಜನರಿಗೆ ಸೇತುವೆ ನಿತ್ಯಜೀವನದ ಅಗತ್ಯವಾಗಿತ್ತು.

ಯುನೆಸ್ಕೊದ ತಜ್ಞರ ತಂಡಗಳು ಹಂಪಿಗೆ ಭೇಟಿ ನೀಡಿದವು. ಕಾಮಗಾರಿ ನಿಂತಿತು. ಸಮಗ್ರ ನಿರ್ವಹಣಾ ಯೋಜನೆಯ ತಯಾರಿ ಆರಂಭವಾಯಿತು. ರಾಜ್ಯ ವಿಧಾನಮಂಡಲವು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002ನ್ನು ರೂಪಿಸಿತು. 2006ರಲ್ಲಿ ಹಂಪಿಯು ಅಪಾಯದ ಪಟ್ಟಿಯಿಂದ ಹೊರಬಂದಿತು. ಬಳಿಕ ಮುಂದುವರಿದ ಆನೆಗೊಂದಿ ಸೇತುವೆಯು 2009ರ ಜನವರಿಯಲ್ಲಿ ನಿರ್ಮಾಣ ಹಂತದಲ್ಲಿಯೇ ಕುಸಿದು ಹಲವು ಕಾರ್ಮಿಕರು ಮೃತಪಟ್ಟರು.

ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿ ಜಿಲ್ಲೆಯಲ್ಲಿ ವಿಶ್ವ ಪರಂಪರೆಯ ತಾಣವಿಲ್ಲ. ಆದರೂ ಪಟ್ಟದಕಲ್ಲಿನ ಸುರಕ್ಷತೆಯು ಈ ಜಿಲ್ಲೆಯೊಡನೆ ನೇರವಾಗಿ ಹೆಣೆದುಕೊಂಡಿದೆ. ಪಟ್ಟದಕಲ್ಲಿನ ದೇವಾಲಯಗಳ ಪಕ್ಕದಲ್ಲಿ ಹರಿಯುವ ಮಲಪ್ರಭಾ ನದಿಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಖಾನಾಪುರವನ್ನು ದಾಟಿ ಸವದತ್ತಿಯ ಬಳಿ ನವಿಲುತೀರ್ಥ ಜಲಾಶಯವನ್ನು ಸೇರಿ, ಅಲ್ಲಿಂದ ಬಾಗಲಕೋಟೆ ಜಿಲ್ಲೆಗೆ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಘಟ್ಟದ ಸೆರಗಿನಲ್ಲಿ ಸುರಿದ ಭಾರೀ ಮಳೆಯಿಂದ ಮಲಪ್ರಭೆ ಉಕ್ಕಿ ಹರಿದಾಗ ಪಟ್ಟದಕಲ್ಲಿನ ದೇವಾಲಯಗಳ ಆವರಣ ಜಲಾವೃತವಾಯಿತು. ಮೇಲ್ದಂಡೆಯ ಅರಣ್ಯ, ನಡುವಿನ ಜಲಾಶಯ ಮತ್ತು ಕೆಳಗಿನ ಸ್ಮಾರಕ ಬೇರೆ ಬೇರೆ ಇಲಾಖೆಗಳ ಅಧೀನದಲ್ಲಿದ್ದು, ಅವುಗಳ ಅನುದಾನದ ಶೀರ್ಷಿಕೆಗಳೂ ಬೇರೆ ಬೇರೆಯಾಗಿವೆ. ನದಿ ಮಾತ್ರ ಒಂದೇ.

ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಜೀವಿ ಧಾಮವನ್ನು 2011ರಲ್ಲಿ ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ನದಿಯ ಉಗಮವೂ ಈ ಅರಣ್ಯ ಪ್ರದೇಶದಲ್ಲಿದೆ. ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ನನ ಬಾವಲಿ ಎಂಬ ಅಪರೂಪದ ಜೀವಿಯ ನೆಲೆಯಿದೆ. 1913ರಲ್ಲಿ ವೈಜ್ಞಾನಿಕವಾಗಿ ವಿವರಿಸಲ್ಪಟ್ಟ ಈ ಬಾವಲಿಯು ಬಹುಕಾಲ ಜಗತ್ತಿನಲ್ಲಿ ಇದೊಂದೇ ಕಡೆ ಇದೆಯೆಂದು ಭಾವಿಸಲಾಗಿತ್ತು. ನಂತರ ಮೇಘಾಲಯ ಮತ್ತು ಕಾಂಬೋಡಿಯಾಗಳಲ್ಲಿಯೂ ಅದು ಪತ್ತೆಯಾಯಿತು.

ಪಶ್ಚಿಮ ಘಟ್ಟಗಳ 39 ಘಟಕಗಳು 2012ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಅಧಿವೇಶನದಲ್ಲಿ ಪಟ್ಟಿಗೆ ಸೇರಿದವು. ಕರ್ನಾಟಕದ ಹತ್ತು ಘಟಕಗಳು ಕುದುರೆಮುಖ ಮತ್ತು ತಲಕಾವೇರಿ ಭಾಗಗಳಿಗೆ ಸೇರಿದ್ದರೆ, ಮಹಾರಾಷ್ಟ್ರದ ನಾಲ್ಕು ಘಟಕಗಳ ಪೈಕಿ ದಕ್ಷಿಣದ ತುದಿಯಲ್ಲಿರುವುದು ಕೊಲ್ಹಾಪುರ ಜಿಲ್ಲೆಯ ರಾಧಾನಗರಿ. ಇವೆರಡರ ನಡುವಿನ ಘಟ್ಟದ ಭಾಗ, ಅಂದರೆ ಗೋವಾ, ಬೆಳಗಾವಿ ಮತ್ತು ಉತ್ತರ ಕನ್ನಡದ ಅರಣ್ಯಗಳು ಪಟ್ಟಿಯಲ್ಲಿಲ್ಲ. ಭೀಮಗಡ ಬರುವುದು ಈ ಭಾಗದಲ್ಲಿಯೇ. ಪಟ್ಟಿಗೆ ಸೇರ್ಪಡೆಯಾಗುವ ಮುನ್ನ ಕರ್ನಾಟಕ ಸರ್ಕಾರವೂ ಆಕ್ಷೇಪ ಎತ್ತಿತ್ತು. ಹೊಸ ನಿರ್ಬಂಧಗಳು ಬರುತ್ತವೆ ಎಂಬ ಆತಂಕ ಅದರ ಹಿಂದಿತ್ತು. ವಾಸ್ತವದಲ್ಲಿ ಪಟ್ಟಿಗೆ ಸೇರಿದ ಘಟಕಗಳು ಮೊದಲೇ ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮ ಅಥವಾ ಮೀಸಲು ಅರಣ್ಯಗಳಾಗಿದ್ದವು.

ಭೀಮಗಡಕ್ಕೆ ಹೆಸರು ಕೊಟ್ಟ ಕೋಟೆಯು ಶಿವಾಜಿಯ ಕಾಲದ್ದೆಂದು ಪ್ರತೀತಿ. 2025ರಲ್ಲಿ ಮರಾಠರ ಸೈನಿಕ ನೆಲೆಗಳು ಎಂಬ ಹೆಸರಿನಲ್ಲಿ ವಿಶ್ವ ಪರಂಪರೆಯ ಮನ್ನಣೆ ಪಡೆದ 12 ಕೋಟೆಗಳಲ್ಲಿ 11 ಮಹಾರಾಷ್ಟ್ರದಲ್ಲಿಯೂ ಒಂದು ತಮಿಳುನಾಡಿನ ಜಿಂಜಿಯಲ್ಲಿಯೂ ಇವೆ. ಭೀಮಗಡ ಅದರಲ್ಲಿಲ್ಲ. ಹೀಗೆ ನಿಸರ್ಗದ ಪಟ್ಟಿಯಿಂದಲೂ ಕೋಟೆಗಳ ಪಟ್ಟಿಯಿಂದಲೂ ಅದು ಹೊರಗುಳಿದಿದೆ.

ಪಟ್ಟಿಯ ಹೊರಗಿರುವ ಇಂತಹ ತಾಣಗಳ ಮಟ್ಟಿಗೆ ವಿಶ್ವ ಪರಂಪರೆ ನಿಧಿಯ ಸಂರಕ್ಷಣಾ ನೆರವು ಅನ್ವಯಿಸುವುದಿಲ್ಲ. ಭೀಮಗಡದ ಗಸ್ತು, ಬೆಂಕಿ ತಡೆ ಮತ್ತು ಆವಾಸಸ್ಥಾನದ ಕೆಲಸಗಳನ್ನು ರಾಜ್ಯ ಅರಣ್ಯ ಇಲಾಖೆಯು ರಾಜ್ಯ ಹಾಗೂ ಕೇಂದ್ರದ ಅನುದಾನಗಳಿಂದ ನಡೆಸುತ್ತದೆ. ಧಾಮದೊಳಗಿನ ಹಳ್ಳಿಗಳಲ್ಲಿ ಸೇತುವೆ, ರಸ್ತೆ, ವಿದ್ಯುತ್ ಹಾಗೂ ಚಿಕಿತ್ಸಾ ಸೌಲಭ್ಯಗಳ ಕೊರತೆ ಇದ್ದು, ಮಳೆಗಾಲದಲ್ಲಿ ಅವು ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುತ್ತವೆ. ಈ ಹಳ್ಳಿಗಳಲ್ಲೊಂದಾದ ತಳೇವಾಡಿಯ ಕುಟುಂಬಗಳ ಸ್ವಯಂಪ್ರೇರಿತ ಸ್ಥಳಾಂತರಕ್ಕೆ ರಾಜ್ಯ ಸರ್ಕಾರವು ಪರಿಹಾರಧನ ನೀಡಿದೆ.

ಬೆಳಗಾವಿ ನಗರದ ಕೋಟೆಯೊಳಗೆ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇದೆ. ಇದು ಕೇಂದ್ರದ ಸಂರಕ್ಷಿತ ಸ್ಮಾರಕವಾಗಿದ್ದು, ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತದ ವ್ಯಾಪ್ತಿಗೆ ಬರುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಇಂತಹ ಸ್ಮಾರಕಗಳ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಕದಂಬರ ಎರಡನೆಯ ರಾಜಧಾನಿಯಾಗಿದ್ದ ಹಲಸಿಯು ಖಾನಾಪುರ ತಾಲ್ಲೂಕಿನಲ್ಲಿದ್ದು, ಅಲ್ಲಿನ ಭೂವರಾಹ ನರಸಿಂಹ ದೇವಾಲಯ ಪ್ರಸಿದ್ಧವಾಗಿದೆ.

ಭಾರತವು ನೀಡಿದ ನೆರವು

ಭಾರತವು ನಿಧಿಗೆ ವಂತಿಗೆ ಸಲ್ಲಿಸುವುದರ ಜೊತೆಗೆ ಅನ್ಯದೇಶಗಳ ಸ್ಮಾರಕಗಳ ಜೀರ್ಣೋದ್ಧಾರವನ್ನು ನೇರವಾಗಿಯೂ ಕೈಗೊಂಡಿದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯು 1969ರಿಂದ 1977ರವರೆಗೆ ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧ ಪ್ರತಿಮೆಗಳ ಸಂರಕ್ಷಣೆಯಲ್ಲಿ ತೊಡಗಿತ್ತು. ಆ ಪ್ರತಿಮೆಗಳನ್ನು ತಾಲಿಬಾನ್ 2001ರ ಮಾರ್ಚ್‌ನಲ್ಲಿ ಸ್ಫೋಟಿಸಿ ನಾಶಪಡಿಸಿತು. 1986ರಿಂದ 1993ರವರೆಗೆ ಕಾಂಬೋಡಿಯಾದ ಅಂಗ್ಕೋರ್ ವಾಟ್‌ನಲ್ಲಿ, ಮುಂದೆ ಅಲ್ಲಿನ ತಾ ಪ್ರೋಮ್, ಲಾವೋಸ್‌ನ ವಾಟ್ ಫೂ ಹಾಗೂ ವಿಯೆಟ್ನಾಂನ ಮೀ ಸನ್ ದೇವಾಲಯಗಳಲ್ಲಿ ಇಲಾಖೆ ಕೆಲಸ ಮಾಡಿದೆ. ಇವುಗಳಲ್ಲಿ ಹಲವಕ್ಕೆ ವಿದೇಶಾಂಗ ಸಚಿವಾಲಯವು ಹಣ ಒದಗಿಸಿದೆ.

2024ರ ಜುಲೈನಲ್ಲಿ ವಿಶ್ವ ಪರಂಪರೆ ಸಮಿತಿಯ 46ನೆಯ ಅಧಿವೇಶನವು ನವದೆಹಲಿಯಲ್ಲಿ ನಡೆಯಿತು. ಸಮಿತಿಯ ಅಧಿವೇಶನವು ಭಾರತದಲ್ಲಿ ಜರುಗಿದ್ದು ಇದೇ ಮೊದಲು. ಉದ್ಘಾಟನೆಯ ಸಂದರ್ಭದಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿ ಅವರು ಯುನೆಸ್ಕೊದ ವಿಶ್ವ ಪರಂಪರೆ ಕೇಂದ್ರಕ್ಕೆ ಭಾರತದಿಂದ 10 ಲಕ್ಷ ಡಾಲರ್ ನೆರವನ್ನು ಘೋಷಿಸಿದರು. ತರಬೇತಿ, ತಾಂತ್ರಿಕ ಸಹಾಯ ಮತ್ತು ಸಂರಕ್ಷಣೆಗೆ ಮೀಸಲಾದ ಈ ಹಣವು ವಿಶೇಷವಾಗಿ ಅಭಿವೃದ್ಧಿಶೀಲ ರಾಷ್ಟ್ರಗಳ ತಾಣಗಳಿಗೆ ಬಳಕೆಯಾಗಬೇಕೆಂಬುದು ಘೋಷಣೆಯ ಆಶಯವಾಗಿತ್ತು.