ತಲೆಗೆ ಹತ್ತು ಗಜ

ಬಟ್ಟೆ ಖರ್ಚಿನ ಮಾತು ಬಂದ್ರೆ ನಮ್ಮ ಮನೆಗಳಲ್ಲಿ ಎರಡೇ ವಾಕ್ಯ ಕೇಳಿಸೋದು. "ನಮ್ಮ ಕಾಲದಲ್ಲಿ ವರ್ಷಕ್ಕೆ ಎರಡು ಜೊತೆ ಸಾಕಾಗ್ತಿತ್ತು" ಅನ್ನೋದು ಒಂದು. "ಈಗಿನ ಮಕ್ಕಳಿಗೆ ಎಷ್ಟು ತಂದ್ರೂ ಸಾಲದು" ಅನ್ನೋದು ಇನ್ನೊಂದು. ಎರಡೂ ಸುಳ್ಳಲ್ಲ. ಆದ್ರೆ ಆ ಎರಡು ಜೊತೆ ಯಾಕೆ ಸಾಕಾಗ್ತಿತ್ತು, ಸಾಕಾಗದೇ ಇದ್ದಾಗ ಯಾರು ಸುಮ್ಮನಿರ್ತಿದ್ರು ಅಂತ ಯಾರೂ ಹೇಳೋದಿಲ್ಲ. ಅದನ್ನೇ ಬರೆಯೋಣ ಅಂತ ಕೂತಿದ್ದೀನಿ. ರೂಪಾಯಿ ಲೆಕ್ಕಕ್ಕಿಂತ ಗಜದ ಲೆಕ್ಕದಲ್ಲಿ ಹೇಳಿದ್ರೆ ನಮಗೆಲ್ಲಾ ಬೇಗ ಅರ್ಥವಾಗುತ್ತೆ. ಯಾಕಂದ್ರೆ ಆಣೆ ಹೋಗಿ 1957ರಲ್ಲಿ ನಯಾ ಪೈಸೆ ಬಂತು, ಆಮೇಲೆ ರೂಪಾಯಿಯ ಬೆಲೆಯೇ ಬೇರೆ ಆಯ್ತು. ಮೈ ಮಾತ್ರ ಅಷ್ಟೇ ಇದೆ, ಅದನ್ನ ಮುಚ್ಚೋಕೆ ಬೇಕಾದ ಬಟ್ಟೆಯೂ ಹೆಚ್ಚು ಕಮ್ಮಿ ಅಷ್ಟೇ.

ಮೊದಲು ಅಳತೆ. ಮೊಣಕೈಯಿಂದ ನಡುಬೆರಳ ತುದಿ ತನಕ ಒಂದು ಮೊಳ. ಎರಡು ಮೊಳಕ್ಕೆ ಒಂದು ಗಜ. ನಮ್ಮಜ್ಜಿ ಉಡ್ತಿದ್ದ ಹದಿನೆಂಟು ಮೊಳದ ಸೀರೆ ಅಂದ್ರೆ ಒಂಬತ್ತು ಗಜ. ನಾವು ಈಗ ಉಡೋದು ಆರು ಗಜ, ಅಂದ್ರೆ ಐದೂವರೆ ಮೀಟರು. ಒಂದು ರವಿಕೆಗೆ ಒಂದು ಗಜ ಇಟ್ಕೊಳ್ಳಿ. ಈ ಲೆಕ್ಕ ತಲೇಲಿರ್ಲಿ, ಮುಂದೆ ಬೇಕಾಗುತ್ತೆ.

ಹಳೇ ಮೈಸೂರಿನಲ್ಲಿ ಬಟ್ಟೆ ಅನ್ನೋದು ಅಂಗಡಿಗಿಂತ ಹೆಚ್ಚಾಗಿ ನೇಯೋರ ಮಗ್ಗದ ಲೆಕ್ಕ. ಟಿಪ್ಪು ಸುಲ್ತಾನ್ ಸತ್ತ ಮಾರನೇ ವರ್ಷ, 1800ರಲ್ಲಿ, ಬುಕಾನನ್ ಅನ್ನೋ ಕಂಪನಿ ವೈದ್ಯ ನಮ್ಮ ಸೀಮೆಯೆಲ್ಲಾ ಸುತ್ತಿ ಏನು ಬೆಳೀತಾರೆ, ಏನು ನೇಯ್ತಾರೆ, ಏನು ಉಡ್ತಾರೆ ಅಂತ ಬರೆದಿಟ್ಟ. ದೇವಾಂಗದವರು, ತೊಗಟರು, ಪಟ್ಟೆಗಾರರು ಎಲ್ಲಾ ಅದರಲ್ಲಿ ಬರ್ತಾರೆ. ರೇಷ್ಮೆ ಹುಳು ಸಾಕೋದನ್ನ ನಮ್ಮ ಕಡೆಗೆ ತಂದದ್ದು ಟಿಪ್ಪುವೇ. ಆದ್ರೆ ಸಾಮಾನ್ಯ ಮನೆಯ ಹೆಂಗಸಿಗೆ ರೇಷ್ಮೆ ಅಂದ್ರೆ ಮದುವೆಗೆ ಒಂದು, ಮಡಿಗೆ ಒಂದು, ಅಷ್ಟೇ. ಅದೂ ಎಲ್ಲಾ ಮನೆಯಲ್ಲಲ್ಲ. ಹೊಲದಲ್ಲಿ ದುಡಿಯೋ ಹೆಂಗಸಿಗೆ ರವಿಕೆಯೇ ಇರ್ತಿರಲಿಲ್ಲ ಅನ್ನೋದನ್ನ ಮರೀಬಾರದು. ನಾವು "ಆಗಿನ ಕಾಲ" ಅಂತ ಹೊಗಳುವಾಗ ಯಾರ ಮನೆಯ ಕಾಲ ಅದು ಅಂತ ಒಮ್ಮೆ ಕೇಳ್ಕೋಬೇಕು.

ಇನ್ನೊಂದು ವಿಷಯ ನಮ್ಮ ಗಂಡಸರಿಗೆ ಗೊತ್ತೇ ಇಲ್ಲ. ಹೆಂಗಸರ ಬಟ್ಟೆ ಖರ್ಚು ಗಂಡನ ಮನೆ ಲೆಕ್ಕದಲ್ಲಿ ಬರ್ತಾನೇ ಇರಲಿಲ್ಲ. ಗೌರಿ ಹಬ್ಬಕ್ಕೆ ತವರಿಂದ ಗೌರಿ ದುಡ್ಡು, ಬಸುರಿಗೆ ತವರ ಸೀರೆ, ಬಾಣಂತನ ಮುಗಿಸಿ ಬರುವಾಗ ಒಂದು, ತಮ್ಮನ ಮದುವೆಗೆ ಒಂದು. ಹೀಗೆ ಒಬ್ಬಳು ಉಡೋ ಸೀರೆಯಲ್ಲಿ ಬಹುಪಾಲು ಅಣ್ಣತಮ್ಮಂದಿರ ಜೇಬಿನದು. ಹಾಗಾಗಿ "ನಮ್ಮಮ್ಮ ಏನೂ ಕೇಳ್ತಿರಲಿಲ್ಲ" ಅನ್ನೋ ಮಾತಿಗೆ ಅರ್ಥ ಇಷ್ಟೇ: ಅವರು ಕೇಳ್ತಿದ್ದ ಕಡೆ ಬೇರೆ. ತವರು ಬಡವಾಗಿದ್ರೆ, ಅಥವಾ ತವರೇ ಇಲ್ದೇ ಹೋದ್ರೆ, ಹರಿದದ್ದನ್ನೇ ಸೇರಿಸಿ ಹೊಲಿದು ಉಡೋದು.

ಈಗ ಯುದ್ಧದ ಕಾಲಕ್ಕೆ ಬರ್ತೀನಿ. ನನಗೆ ಹೇಳಬೇಕಾಗಿದ್ದದ್ದು ಮುಖ್ಯವಾಗಿ ಇದೇ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಮಿಲ್ಲುಗಳ ಬಟ್ಟೆಯಲ್ಲಿ ದೊಡ್ಡ ಪಾಲು ಸೈನ್ಯಕ್ಕೆ ಹೋಯ್ತು. ಬೆಂಗಳೂರಿನ ಬಿನ್ನಿ ಮಿಲ್ಲಿನಲ್ಲಿ ಖಾಕಿ ನೇಯೋ ಕೆಲಸ. ಮೂವತ್ತರ ದಶಕದಲ್ಲಿ ಅಗ್ಗವಾಗಿ ಬಂದು ನಮ್ಮ ರೇಷ್ಮೆಯವರ ಹೊಟ್ಟೆ ಮೇಲೆ ಹೊಡೆದಿದ್ದ ಜಪಾನಿನ ಮಾಲು, 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದ ಮೇಲೆ ಬರೋದೇ ನಿಂತೋಯ್ತು. ಇಂಗ್ಲೆಂಡಿನ ಬಟ್ಟೆಯೂ ಕಮ್ಮಿ ಆಯ್ತು. ರೇಷ್ಮೆಗೆ ಮಾತ್ರ ಶುಕ್ರದೆಸೆ, ಪ್ಯಾರಾಚೂಟಿಗೆ ಬೇಕಾಗಿತ್ತಲ್ಲ! ಹತ್ತಿ ಬಟ್ಟೆ ಬೆಲೆ ಯುದ್ಧಕ್ಕೆ ಮುಂಚೆ ಇದ್ದದ್ದಕ್ಕಿಂತ ಹಲವು ಪಟ್ಟು ಏರಿತು. 1943ರಲ್ಲಿ ಬ್ರಿಟಿಷ್ ಸರ್ಕಾರ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ತಂತು. ಮಿಲ್ಲಿನವರು ಬಟ್ಟೆ ಮೇಲೆಯೇ ಬೆಲೆ ಮುದ್ರೆ ಒತ್ತಬೇಕು, ಅದಕ್ಕಿಂತ ಹೆಚ್ಚಿಗೆ ಮಾರೋ ಹಾಗಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲೂ ನಿಯಂತ್ರಣ ಬಂತು. "ಕಂಟ್ರೋಲ್ ಬಟ್ಟೆ" ಅನ್ನೋ ಮಾತು ನಮ್ಮ ಮನೆಗಳಿಗೆ ಬಂದದ್ದು ಆಗಲೇ.

ದೇಶದ ಎಷ್ಟೋ ಕಡೆ ಆಗ ಸಿಕ್ಕಿದ್ದು ತಲೆಗೆ ವರ್ಷಕ್ಕೆ ಹತ್ತು ಹನ್ನೆರಡು ಗಜ. ಈಗ ನಮ್ಮ ಅಳತೆ ತೆಗೀರಿ. ಹತ್ತು ಗಜದಲ್ಲಿ ಹದಿನೆಂಟು ಮೊಳದ ಒಂದು ಸೀರೆಗೆ ಒಂಬತ್ತು ಹೋಯ್ತು, ಒಂದು ರವಿಕೆಗೆ ಒಂದು. ಮುಗೀತು! ವರ್ಷವಿಡೀ ಅದೇ. ಒಗೆದು ಹಾಕಿದ್ರೆ ಉಡೋಕೆ ಹಳೇದು ಇರಬೇಕು, ಇಲ್ದಿದ್ರೆ ಅರ್ಧ ಒಣಗಿಸಿ ಅರ್ಧ ಸುತ್ಕೊಂಡು ನಿಂತಿರಬೇಕು. ಒಳಲಂಗ, ಟವಲ್ಲು, ಹಾಸಿಗೆ ಹೊದಿಕೆ, ಮಗುವಿನ ಬಟ್ಟೆ ಇವಕ್ಕೆ ಇನ್ನು ಗಜ ಎಲ್ಲಿಂದ ಬರಬೇಕು? ಗಂಡಸರಿಗೆ ಒಂದು ಜೊತೆ ಪಂಚೆ, ಒಂದು ಅಂಗಿ ಅಂದ್ರೂ ಅವರ ಪಾಲೂ ಮುಗೀತು. ಇಂಗ್ಲೆಂಡಿನಲ್ಲೂ 1941ರ ಜೂನ್ ಒಂದರಿಂದ ಬಟ್ಟೆಗೆ ಕೂಪನ್ ಬಂದಿತ್ತು, ಮೊದಲ ವರ್ಷ ತಲೆಗೆ 66 ಕೂಪನ್. ಆದ್ರೆ ಅಲ್ಲಿ ಯಾವ ಉಡುಪಿಗೆ ಎಷ್ಟು ಅಂತ ಲೆಕ್ಕ. ನಮ್ಮಲ್ಲಿ ಗಜದ ಲೆಕ್ಕ, ಸೀರೆ ಉಡೋಳಿಗೂ ಚೆಡ್ಡಿ ಹಾಕೋನಿಗೂ ಒಂದೇ ಅಳತೆ ಇಟ್ರೆ ಏನಾಗುತ್ತೆ ಅಂತ ಯೋಚನೆ ಮಾಡಿದೋರು ಯಾರು? ಸೀರೆ ಉಡೋರು ಆಫೀಸಿನಲ್ಲಿ ಇರಲಿಲ್ಲ, ಅಷ್ಟೇ.

ನಮ್ಮಜ್ಜಿ ಶಿವರಾಮಪೇಟೆಯ ವಠಾರದಲ್ಲಿ ಸಂಸಾರ ಹೂಡಿದ್ದು ಆ ವರ್ಷಗಳಲ್ಲೇ. ಅವರು ಹೇಳ್ತಿದ್ರು: ಅವರಿಗೂ ಅವರ ನಾದಿನಿಗೂ ಆಚೆ ಉಡೋ ಸೀರೆ ಒಂದೇ. ಯಾರದಾದ್ರೂ ಮದುವೆಗೆ ಕರೆದ್ರೆ ಒಬ್ಬರು ಹೋಗೋದು, ಇನ್ನೊಬ್ಬರಿಗೆ "ತಲೆನೋವು". "ವಠಾರದಲ್ಲಿ ತಲೆನೋವು ಅಂದ್ರೆ ಎಲ್ರಿಗೂ ಗೊತ್ತಿತ್ತು ಕಣೇ, ಆದ್ರೆ ಯಾರೂ ಕೇಳ್ತಿರಲಿಲ್ಲ" ಅಂತ ನಗ್ತಿದ್ರು. ನಗುವಾಗ ಸೆರಗನ್ನ ಬಾಯಿಗೆ ಅಡ್ಡ ಹಿಡ್ಕೊಳ್ಳೋರು. ಅಜ್ಜಿ ಪಾಲಿನ ಗಜದಲ್ಲೇ ಮಕ್ಕಳ ಅಂಗಿ ಲಂಗ ಆಗ್ತಿದ್ದದ್ದು. ತಾತನ ಪಾಲನ್ನ ಯಾರೂ ಮುಟ್ತಿರಲಿಲ್ಲ, ಅವರು ಕಚೇರಿಗೆ ಹೋಗಬೇಕಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1948ರ ಜನವರಿಯಲ್ಲಿ ನಿಯಂತ್ರಣ ತೆಗೆದ್ರು. ಬೆಲೆ ಒಂದೇ ಸಮ ಏರಿತು, ಅದೇ ವರ್ಷ ಮತ್ತೆ ನಿಯಂತ್ರಣ ಹಾಕಿದ್ರು. ಖಾದಿ ಇತ್ತಲ್ಲ ಅಂತೀರಾ? ನಂಜನಗೂಡು ಹತ್ತಿರದ ಬದನವಾಳಿನಲ್ಲಿ ಒಳ್ಳೇ ಖಾದಿ ಕೇಂದ್ರವೇ ಇತ್ತು, ಗಾಂಧೀಜಿ ಬಂದು ನೋಡಿದ ಜಾಗ. ನೂಲೋ ಹೆಂಗಸರಿಗೆ ಅದು ನಾಲ್ಕು ಕಾಸಿನ ದಾರಿ. ಆದ್ರೆ ಕೊಳ್ಳೋಕೆ ಹೋದ್ರೆ ಖಾದಿ ಮಿಲ್ ಬಟ್ಟೆಗಿಂತ ದುಬಾರಿ.

ಹಾಗಾದ್ರೆ ಅಷ್ಟು ಕಮ್ಮಿ ಬಟ್ಟೆಯಲ್ಲಿ ಸಂಸಾರ ಹೇಗೆ ಸಾಗ್ತಿತ್ತು? ಒಂದೇ ಬಟ್ಟೆ ಐದಾರು ಸಲ ಹುಟ್ಟಿ ಬರ್ತಿತ್ತು. ಸೀರೆ ಸೆರಗಿನ ಹತ್ತಿರ ಜೂಲಾದ್ರೆ ಮಗಳಿಗೆ ಲಂಗ. ಲಂಗದ ಅಂಚಿನಲ್ಲಿ ಮೂರು ಒಳಮಡಿಕೆ, ವರ್ಷಕ್ಕೊಂದು ಬಿಚ್ಚೋದು. ಬಿಚ್ಚಿದ ಕಡೆ ಬಣ್ಣ ಗಾಢವಾಗಿ ಒಂದು ಪಟ್ಟೆ ಕಾಣ್ತಿತ್ತು, ಅದನ್ನ ನೋಡಿ ಹುಡುಗಿ ಎಷ್ಟು ಬೆಳೆದಿದ್ದಾಳೆ ಅಂತ ಎದುರುಮನೆಯವರು ಹೇಳೋರು. ಲಂಗ ಸವೆದ್ರೆ ದಿಂಬಿನ ಚೀಲ, ಆಮೇಲೆ ಕೌದಿ, ಆಮೇಲೆ ಕೈಒರಸು, ಕೊನೆಗೆ ನೆಲ ಒರೆಸೋ ಬಟ್ಟೆ. ತಾತನ ಹಳೇ ಪಂಚೆ ಕೂಸಿಗೆ. ಅದಕ್ಕಿಂತ ಮೆತ್ತಗಿನ ಬಟ್ಟೆ ದುಡ್ಡು ಕೊಟ್ರೂ ಸಿಗಲ್ಲ. ನಮ್ಮ ಮುಟ್ಟಿನ ಬಟ್ಟೆಯೂ ಇದರಲ್ಲೇ ಬಂತು. ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯದ ಖರ್ಚು ಅದು. ಈಗ ಪ್ಯಾಡಿಗೆ ಅಂತ ತಿಂಗಳ ಸಾಮಾನಿನ ಪಟ್ಟಿಯಲ್ಲಿ ಒಂದು ಸಾಲು ಬೇಕೇ ಬೇಕು, ಅದರ ಮೇಲಿನ ಜಿಎಸ್‌ಟಿ ತೆಗೆಸೋಕೆ 2018ರ ತನಕ ಹೆಂಗಸರು ಕೂಗಾಡಬೇಕಾಯ್ತು.

ದೀಪಾವಳಿಗೆ ಒಂದು ತಾನು ತಂದು ಮನೆ ಮಕ್ಕಳಿಗೆಲ್ಲಾ ಅದರಲ್ಲೇ ಹೊಲಿಸೋರು. ಹುಡುಗರಿಗೆ ಅಂಗಿ, ಹುಡುಗಿಯರಿಗೆ ಫ್ರಾಕು, ಉಳಿದದ್ದರಲ್ಲಿ ಕಿಟಕಿ ಪರದೆ. ನಮ್ಮಮ್ಮನ ಹಳೇ ಫೋಟೋ ನೋಡಿದ್ರೆ ಯಾರು ಮಕ್ಕಳು, ಯಾವುದು ಪರದೆ ಗೊತ್ತಾಗಲ್ಲ. ಸಂತೇಪೇಟೆಯಲ್ಲಿ ತಾನಿನ ವ್ಯಾಪಾರ. ದರ್ಜಿಗೆ ಒಂದೇ ಮಾತು: "ಬೆಳೆಯೋ ಮಗು, ದೊಗಳೆಯಾಗೇ ಹೊಲೀರಿ".

ಈ ಸರಪಳಿ ಕಡಿದದ್ದು ನೈಲಾನ್, ಟೆರಿಲಿನ್, ಟೆರಿಕಾಟ್ ಬಂದ ಮೇಲೆ, ಅರವತ್ತು ಎಪ್ಪತ್ತರ ದಶಕದಲ್ಲಿ. ನಾನು ಅದನ್ನ ಬಯ್ಯೋಳಲ್ಲ. ಗಂಜಿ ಬೇಡ, ಇಸ್ತ್ರಿ ಬೇಡ, ಒದ್ದೆ ಸೀರೆ ಹಿಂಡಿ ಹಿಂಡಿ ಕೈ ಸೋಲೋದಿಲ್ಲ, ಅರ್ಧ ಗಂಟೆಯಲ್ಲಿ ಒಣಗುತ್ತೆ. ಕೆಲಸಕ್ಕೆ ಹೋಗೋಕೆ ಶುರು ಮಾಡಿದ ನಮ್ಮ ಚಿಕ್ಕಮ್ಮಂದಿರಿಗೆ ಆ ಸೀರೆಗಳು ಮಾಡಿದ ಉಪಕಾರ ದೊಡ್ಡದು. ಆದ್ರೆ ಅದು ಹರಿಯೋದೇ ಇಲ್ಲ, ಹರಿದ್ರೂ ಯಾತಕ್ಕೂ ಬರಲ್ಲ. ನೀರು ಹೀರಲ್ಲ, ನೆಲ ಒರೆಸೋಕಾಗಲ್ಲ, ಮಗುವಿಗೆ ಸುತ್ತೋಕಾಗಲ್ಲ. ಆಗ ಬಂದ್ರು ನೋಡಿ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋರು. ನಾಲ್ಕು ಪ್ಯಾಂಟು ಎರಡು ಸೀರೆಗೆ ಒಂದು ಡಬ್ಬಿ. ಬಟ್ಟೆ ಮನೆಯೊಳಗೆ ಸುತ್ತೋದು ಬಿಟ್ಟು ಮನೆಯಿಂದಾಚೆ ಹೋಗೋಕೆ ಶುರುವಾದದ್ದು ಹಾಗೆ. ಹಳೇದು ಆಚೆ ಹೋದ ಮೇಲೆ ಹೊಸದಕ್ಕೆ ಜಾಗ, ಹೊಸದಕ್ಕೆ ದುಡ್ಡು.

ಮೈಸೂರು ಸಿಲ್ಕಿನ ವಿಷಯ ಹೇಳದೆ ಮುಂದೆ ಹೋದ್ರೆ ನೀವು ಬಿಡೋದಿಲ್ಲ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಕಾರ್ಖಾನೆ ಶುರು ಮಾಡಿದ್ದು ಅರಮನೆಗೂ ಸೈನ್ಯಕ್ಕೂ ಬೇಕಾದ ರೇಷ್ಮೆಗೆ, ನಮಗೆ ನಿಮಗೆ ಅಲ್ಲ. 1980ರಲ್ಲಿ ಅದು ಕೆಎಸ್‌ಐಸಿ ಕೈಗೆ ಬಂತು. ಅಷ್ಟರಲ್ಲಿ ಮಾನಂದವಾಡಿ ರಸ್ತೆಯ ಆ ಕಾರ್ಖಾನೆಯ ಸೀರೆ ಒಂದಾದ್ರೂ ಬೀರುವಿನಲ್ಲಿ ಇರಬೇಕು ಅನ್ನೋದು ನಮ್ಮ ಊರಿನ ಹೆಂಗಸರ ಮರ್ಯಾದೆ ಪ್ರಶ್ನೆಯಾಗಿತ್ತು. ತಿಂಗಳ ಚೀಟಿ ಎತ್ತಿ ತಗೊಂಡೋರು ಎಷ್ಟೋ ಜನ. 2018ರಲ್ಲಿ ಹಬ್ಬಕ್ಕೆ 4,500 ರೂಪಾಯಿಗೆ ಒಂದು ಸೀರೆ ಅಂತ ಸರ್ಕಾರ ಹೇಳಿದಾಗ ಆಧಾರ್ ಕಾರ್ಡ್ ಹಿಡ್ಕೊಂಡು ಸಾಲು ನಿಂತದ್ದು ನೆನಪಿದೆಯಲ್ಲ? ಒಬ್ಬರಿಗೆ ಒಂದೇ ಸೀರೆ. ನನಗೆ ಆಗ ಅಜ್ಜಿಯ ಕಂಟ್ರೋಲ್ ಬಟ್ಟೆಯೇ ನೆನಪಾದದ್ದು. ಅದೇ ಸಾಲು, ಅದೇ ಕಾರ್ಡು. ಆದ್ರೆ ಮೈಸೂರು ಸಿಲ್ಕನ್ನ ನಾನು ದಂಡದ ಖರ್ಚು ಅನ್ನೋದಿಲ್ಲ. ಮೂವತ್ತು ವರ್ಷ ಉಡಬಹುದು, ಮಗಳಿಗೆ ಕೊಡಬಹುದು, ಜರಿಯಲ್ಲಿ ಬೆಳ್ಳಿಯೂ ಇದೆ. ಉಟ್ಟಷ್ಟು ಸಲಕ್ಕೆ ಭಾಗಿಸಿ ನೋಡಿ, ಸೇಲಿನಲ್ಲಿ ತಂದು ಎರಡು ಸಲ ಉಟ್ಟ ಸೀರೆಯೇ ದುಬಾರಿ.

ಮಕ್ಕಳ ಖರ್ಚು ತಲೆಕೆಳಗಾದದ್ದು ನಮ್ಮ ಕಣ್ಣೆದುರಿಗೇ. ಹಿಂದೆ ಮನೆಯಲ್ಲಿ ಅತಿ ಕಮ್ಮಿ ಬಟ್ಟೆ ಖರ್ಚು ಮಗುವಿನದು, ಎಲ್ಲಾ ದೊಡ್ಡವರದ್ದು ಕತ್ತರಿಸಿ ಬಂದದ್ದು. ಈಗ ಅತಿ ಹೆಚ್ಚು ಅವರದ್ದೇ, ಅದೂ ಆರು ತಿಂಗಳಿಗೆ ಗಿಡ್ಡವಾಗೋದು. ಸರ್ಕಾರಿ ಶಾಲೆ ಮಗುವಿಗೆ ಎರಡು ಜೊತೆ ಸಮವಸ್ತ್ರಕ್ಕೆ ಅಂತ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆ ಇಟ್ಟಿರೋದು ವರ್ಷಕ್ಕೆ 600 ರೂಪಾಯಿ. ನಮ್ಮ ಬೀದಿಯ ಖಾಸಗಿ ಶಾಲೆಯ ಮಗುವಿಗೆ ಸೋಮವಾರದ್ದು ಒಂದು, ಬುಧವಾರದ್ದು ಒಂದು, ಆಟಕ್ಕೆ ಬಿಳೀದು, ಹೌಸ್ ಬಣ್ಣದ ಟೀಶರ್ಟು, ಟೈ, ಬೆಲ್ಟು. ಅದೂ ಶಾಲೆ ಹೇಳಿದ ಅಂಗಡಿಯಲ್ಲೇ. ಅಲ್ಲಿ ಒಂದು ಶರ್ಟಿಗೆ ಆಗೋ ದುಡ್ಡಿನಲ್ಲಿ ಸರ್ಕಾರ ಎರಡು ಜೊತೆ ಮುಗಿಸು ಅನ್ನುತ್ತೆ. ಎರಡು ಲೆಕ್ಕದಲ್ಲಿ ಒಂದಂತೂ ಸರಿಯಿಲ್ಲ. ನನ್ನ ಕೇಳಿದ್ರೆ ಎರಡೂ ಸರಿಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪು 2,500 ರೂಪಾಯಿ ತನಕ ಜಿಎಸ್‌ಟಿ ಐದೇ ಪರ್ಸೆಂಟು, ಮೇಲಾದ್ರೆ ಹದಿನೆಂಟು. ಮಕ್ಕಳ ಬಟ್ಟೆ ಸದ್ಯ ಕೆಳಗಿನ ಸಾಲಿನಲ್ಲಿ ಬರುತ್ತೆ. ಮದುವೆ ಲೆಹಂಗಾ ತಗೊಳ್ಳೋರು ಮಾತ್ರ ಬಿಲ್ಲು ಹಾಕೋಕೆ ಮುಂಚೆ ಕೇಳ್ಕೊಳ್ಳಿ.

ಮದುವೆ ಅಂದೆನಲ್ಲ, ಇದನ್ನೆಲ್ಲಾ ಹುಡುಕಿ ಬರೆಯೋಕೆ ಕಾರಣವೂ ಹೇಳ್ತೀನಿ. ನಮ್ಮ ಓರಗಿತ್ತಿ ಮಗಳ ಮದುವೆ ಮಾಘದಲ್ಲಿ. ಕೊಡೋ ಸೀರೆ ಪಟ್ಟಿ ನಲವತ್ಮೂರಕ್ಕೆ ನಿಂತಿದೆ. ಬೀಗರ ಕಡೆ, ಸೋದರತ್ತೆಯರು, ಮುಯ್ಯಿ ತೀರಿಸಬೇಕಾದೋರು. ನಲವತ್ಮೂರನ್ನ ಆರು ಗಜದಿಂದ ಗುಣಿಸಿದ್ರೆ 258 ಗಜ. ಅಜ್ಜಿಯ ಕಾಲದ ಲೆಕ್ಕದಲ್ಲಿ ಇಪ್ಪತ್ತೈದು ಜನರ ಇಡೀ ವರ್ಷದ ಬಟ್ಟೆ! ಇದರಲ್ಲಿ ಉಡೋರು ಯಾರು? ಬೆಂಗಳೂರಿನ ಚಿಕ್ಕಪೇಟೆಯಿಂದ ಕಟ್ಟು ಕಟ್ಟಿ ತಂದದ್ದು ನಮ್ಮ ಮನೆಗೆ ಬರುತ್ತೆ, ನಮ್ಮಿಂದ ಮುಂದಿನ ಗೃಹಪ್ರವೇಶಕ್ಕೆ ಹೋಗುತ್ತೆ, ಚೀಟಿಯೂ ಕಿತ್ತಿರಲ್ಲ. ಅದಕ್ಕೆ ಅಂತ ಅವರು ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಬರೆದಿದ್ದಾರೆ. ಹುಡುಗಿ ಎಂ.ಎಸ್ಸಿ. ಮುಗಿಸಿ ಬಿ.ಎಡ್. ಮಾಡ್ತೀನಿ ಅಂತಿದ್ದಾಳೆ, ಅದರ ಫೀಸಿಗೆ ಇನ್ನೂ ದಾರಿ ಇಲ್ಲ.

ನಾನು ಹೇಳಿದ್ದು ಇಷ್ಟು: ಹಿರಿಯರು ಹನ್ನೊಂದು ಜನಕ್ಕೆ ಉಡೋವಂಥ ಸೀರೆ ಕೊಡೋಣ, ಉಳಿದೋರಿಗೆ ಅರಿಶಿನ ಕುಂಕುಮ, ಒಳ್ಳೇ ಹತ್ತಿ ರವಿಕೆ ಕಣ. ನಾದಿನಿ ಒಪ್ಪಿದ್ರು. ದೊಡ್ಡತ್ತೆ, "ನಾವು ಕೊಟ್ಟದ್ದು ವಾಪಸ್ಸು ಬರಬೇಡ್ವಾ?" ಅಂತ ಮುನಿಸಿಕೊಂಡಿದ್ದಾರೆ. ಅವರ ಮಾತಲ್ಲೂ ನ್ಯಾಯ ಇದೆ, ಅವರು ನಾಲ್ಕು ಮದುವೆಗೆ ಸೀರೆ ಕೊಟ್ಟು ಬಂದೋರು. ಹಾಗಾಗಿ ಅವರ ಹೆಸರು ಹನ್ನೊಂದರಲ್ಲಿ ಮೊದಲನೇದಾಗಿ ಬರೆದಿದ್ದೀನಿ. ಇದನ್ನ ಓದ್ತಿರೋ ನಮ್ಮ ಕಡೆಯೋರು, ಈ ಮದುವೆಯಲ್ಲಿ ನಮಗೆ ಸೀರೆ ಬೇಡ, ಕಣ ಸಾಕು ಅನ್ನೋರು, ಭಾನುವಾರದೊಳಗೆ ಒಂದು ಫೋನ್ ಮಾಡಿ. ಸೋಮವಾರ ಅವರು ಸೊಸೈಟಿಗೆ ಹೋಗ್ತಾರೆ, ಅರ್ಜಿಯಲ್ಲಿ ಮೊತ್ತದ ಜಾಗ ಇನ್ನೂ ಖಾಲಿ ಇದೆ.